ಗಡಿನಾಡಿನ ಶಾಸಕರ ಮತ: ರಾಷ್ಟ್ರಪತಿ ಚುನಾವಣೆಯ ಒಂದು ಲೆಕ್ಕ

1956ರ ರಾಜ್ಯ ಪುನರ್ವಿಂಗಡಣೆಯಿಂದ ಮೈಸೂರಿನ ಹೊರಗುಳಿದ ಕನ್ನಡ ಸೀಮೆಗಳಲ್ಲಿ ಶಾಲೆ, ಕಚೇರಿಗಳ ಭಾಷೆ ಏನಾಯಿತೆಂಬುದು ಸಾಕಷ್ಟು ಚರ್ಚಿತವಾಗಿದೆ. ಅದೇ ಗಡಿರೇಖೆ ರಾಷ್ಟ್ರಪತಿಯ ಆಯ್ಕೆಯಲ್ಲಿ ಈ ಸೀಮೆಗಳ ಶಾಸಕರ ಮತಕ್ಕೂ ಬೇರೆ ಬೇರೆ ಬೆಲೆ ಕಟ್ಟಿತೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಸಂವಿಧಾನದ 54ನೆಯ ಅನುಚ್ಛೇದದಂತೆ ರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರು, ನಾಮಕರಣಗೊಂಡವರಿಗೆ ಮತವಿಲ್ಲ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದಲೂ ಬಂದ ಫಲವನ್ನು 1000ದಿಂದಲೂ ಭಾಗಿಸಿದರೆ ದೊರೆಯುವುದು ಒಬ್ಬ ಶಾಸಕನ ಮತಮೌಲ್ಯ. 2022ರ ಚುನಾವಣೆಗೂ 1971ರ ಜನಗಣತಿಯೇ ಆಧಾರವಾಗಿತ್ತು. ಆಗ ಕರ್ನಾಟಕದ ಶಾಸಕನ ಮತಮೌಲ್ಯ 131, ಕಾಸರಗೋಡು, ಮಂಜೇಶ್ವರಗಳದು ಕೇರಳದ ಲೆಕ್ಕದಂತೆ 152, ಹೊಸೂರಿನದು 176, ಅಕ್ಕಲಕೋಟೆ, ಜತ್ತಗಳದು 175, ಆದೋನಿ, ರಾಯದುರ್ಗ, ಮಡಕಶಿರಾಗಳದು 159. ಗೋವೆಯಲ್ಲಿ ಬರಿಯ 20. ಅಂಕಿ ದೊಡ್ಡದಾದೆಡೆ ಕನ್ನಡದ ಧ್ವನಿಯೂ ದೊಡ್ಡದೆಂದು ಭಾವಿಸುವಂತಿಲ್ಲ. ಇದು ಇಡೀ ರಾಜ್ಯದ ಸರಾಸರಿ. ಕ್ಷೇತ್ರದಲ್ಲಿ ಯಾವ ಭಾಷಿಕರು ಎಷ್ಟಿದ್ದಾರೆಂಬ ಪ್ರಶ್ನೆಗೆ ಇಲ್ಲಿ ಎಡೆಯೇ ಇಲ್ಲ.

ಈ ಲೆಕ್ಕದ ಸೂಕ್ಷ್ಮ ದೇಶಕ್ಕೆಲ್ಲ ತಿಳಿದುದು 1969ರಲ್ಲಿ. ಆ ವರ್ಷದ ಮೇ 3ರಂದು ಝಾಕಿರ್ ಹುಸೇನರು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಎಸ್. ನಿಜಲಿಂಗಪ್ಪನವರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ಸು ಬೆಂಗಳೂರಿನಲ್ಲಿ ಸೇರಿ ನೀಲಂ ಸಂಜೀವ ರೆಡ್ಡಿಯವರನ್ನು ಹುರಿಯಾಳಾಗಿ ಗೊತ್ತುಮಾಡಿತು. ರೆಡ್ಡಿಯವರು ರಾಯದುರ್ಗ, ಮಡಕಶಿರಾಗಳಿದ್ದ ಅನಂತಪುರ ಜಿಲ್ಲೆಯವರು. ಎದುರಾಳಿ ವಿ. ವಿ. ಗಿರಿಯವರೋ, ಮೊದಲು ಕೇರಳಕ್ಕೂ ಆಮೇಲೆ ಮೈಸೂರಿಗೂ ರಾಜ್ಯಪಾಲರಾಗಿದ್ದವರು. ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯಂತೆ ಮತ ನೀಡಿರೆಂದು ಕರೆಕೊಟ್ಟರು.

ಆಗಸ್ಟ್ 20ರ ಎಣಿಕೆಯಲ್ಲಿ ಗೆಲುವಿಗೆ ಬೇಕಾದ ಮೌಲ್ಯ 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸಿ. ಡಿ. ದೇಶಮುಖರಿಗೆ 1,12,769 ಬಂದವು. ಯಾರೂ ಗೆಲ್ಲಲಿಲ್ಲ. ಹಿಂದುಳಿದವರನ್ನು ಒಬ್ಬೊಬ್ಬರನ್ನಾಗಿ ಕೈಬಿಟ್ಟು, ಅವರ ಮತಪತ್ರಗಳಲ್ಲಿ ಮುಂದಿನ ಪ್ರಾಶಸ್ತ್ಯ ಯಾರಿಗಿದೆಯೆಂದು ನೋಡಬೇಕಾಯಿತು. ಹಾಗೆ ಹಂಚಿದ ಮತಗಳಲ್ಲಿ ಬಹುಪಾಲು ರೆಡ್ಡಿಯವರಿಗೇ ಸೇರಿತು. ಆದರೂ ಕೊನೆಗೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಮಿತಿಯನ್ನು ದಾಟಿದ್ದು 1,908ರಿಂದ ಮಾತ್ರ. ಅದು ಕೆಲವೇ ಶಾಸಕರ ಮತಗಳಿಗೆ ಸಮ. ಆ ವರ್ಷದ ಕೊನೆಯೊಳಗೆ ಕಾಂಗ್ರೆಸ್ಸೇ ಒಡೆಯಿತು. ಮತದಾನ ಗುಪ್ತವಾಗಿದ್ದುದರಿಂದ ಗಡಿಸೀಮೆಯ ಕ್ಷೇತ್ರಗಳ ಶಾಸಕರು ಯಾರನ್ನು ಮೆಚ್ಚಿದರೆಂಬುದಕ್ಕೆ ದಾಖಲೆಯಿಲ್ಲ.

ಎಂಟು ವರ್ಷಗಳ ಬಳಿಕ, 1977ರಲ್ಲಿ, ಅದೇ ಸಂಜೀವ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು. ಆ ಸಲ ಯಾವ ರಾಜ್ಯದ ಶಾಸಕನ ಮತಮೌಲ್ಯವೂ ಲೆಕ್ಕಕ್ಕೆ ಬರಲಿಲ್ಲ.