ಜಲಬಾಧೆಯ ಚರಿತ್ರೆ

ಶಾಲೆಯ ಮಕ್ಕಳು ಕಿರುಬೆರಳೆತ್ತಿ ‘ಒಂದಕ್ಕೆ’ ಎನ್ನುತ್ತಾರೆ. ಹಿರಿಯರು ‘ಜಲಬಾಧೆ’ ಎನ್ನುತ್ತಾರೆ. ಮೂತ್ರವೆಂಬ ಮಾತನ್ನು ತಪ್ಪಿಸಲು ಹುಡುಕಿದ ಈ ಪದದೊಳಗೆ ಬಾಧೆ ತಾನಾಗಿ ಬಂದು ಕುಳಿತಿದೆ. ಐವತ್ತೈದು, ಅರವತ್ತು ದಾಟಿದ ಗಂಡಸರಿಗೆ ಅದು ನಿಜವಾಗಿಯೂ ಬಾಧೆಯಾಗುತ್ತಿದೆ ಎಂಬುದನ್ನು ಮನೆಯಲ್ಲಿ ಮೊದಲು ಗಮನಿಸುವವರು ಹೆಂಗಸರೇ. ರಾತ್ರಿ ಮೂರು ನಾಲ್ಕು ಸಲ ಬಚ್ಚಲುಮನೆಯ ದೀಪ ಹತ್ತುತ್ತದೆ. ಒಳಗೆ ಹೋದವರು ಬೇಗ ಹೊರಗೆ ಬರುವುದಿಲ್ಲ. ದೂರದ ಮದುವೆಗೆ, ಬಸ್ಸಿನ ಪ್ರಯಾಣಕ್ಕೆ ಕರೆದರೆ ಏನಾದರೊಂದು ನೆಪ ಸಿದ್ಧವಾಗಿರುತ್ತದೆ. ಏನೆಂದು ಕೇಳಿದರೆ, ‘ವಯಸ್ಸಾಯಿತಲ್ಲ’ ಎಂಬ ಉತ್ತರ.

ನಮ್ಮ ಮಾವನವರು ಎರಡು ವರ್ಷ ಹೀಗೆಯೇ ದೂಡಿದರು. ಒಂದು ರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಂಡು, ಕಿಬ್ಬೊಟ್ಟೆ ಕಲ್ಲಿನಂತಾಗಿ ಆಸ್ಪತ್ರೆ ಸೇರಬೇಕಾಯಿತು. ಅಲ್ಲಿ ಒಂದು ತೆಳ್ಳನೆಯ ನಳಿಗೆ ಹಾಕಿದ ಐದೇ ನಿಮಿಷದಲ್ಲಿ ಅವರ ಮುಖ ತಿಳಿಯಾಯಿತು. ಆ ನಳಿಗೆ ಎಲ್ಲಿಂದ ಬಂತು, ಅದಕ್ಕೆ ಮುಂಚೆ ಜನ ಏನು ಮಾಡುತ್ತಿದ್ದರು ಎಂಬ ಕುತೂಹಲದಿಂದ ನಾನು ಓದಲು ತೊಡಗಿದೆ.

ಈ ಬಾಧೆ ಹೊಸದೇನಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರ ಕಟ್ಟುವ ರೋಗಗಳಿಗೆ ಮೂತ್ರಾಘಾತವೆಂದು ಹೆಸರಿಟ್ಟು, ಹನ್ನೆರಡು ಬಗೆಗಳನ್ನು ಹೇಳಿದೆ. ಅವುಗಳಲ್ಲೊಂದು ವಾತಾಷ್ಠೀಲಾ: ಗುದಕ್ಕೂ ಮೂತ್ರಕೋಶಕ್ಕೂ ನಡುವೆ ಕಲ್ಲಿನಂತೆ ಗಟ್ಟಿಯಾದ ಗಂಟೊಂದು ಬೆಳೆದು ದಾರಿಗೆ ಅಡ್ಡವಾಗುವುದು. ಇಂದಿನ ವೈದ್ಯರು ಪ್ರಾಸ್ಟೇಟ್ ಗ್ರಂಥಿಯ ಊತವೆಂದು ಹೇಳುವುದನ್ನೇ ಇದು ನೆನಪಿಸುತ್ತದೆ.

ಹಿಂದಿನ ಕಾಲದಲ್ಲಿ ಮೂತ್ರಕೋಶದ ಕಲ್ಲು ಕೂಡ ಧಾರೆಗೆ ಅಡ್ಡ ನಿಲ್ಲುವ ದೊಡ್ಡ ಶತ್ರುವಾಗಿತ್ತು. ಲಂಡನ್ನಿನ ಸ್ಯಾಮ್ಯುಯೆಲ್ ಪೆಪಿಸ್ ಎಂಬಾತ 1658ರ ಮಾರ್ಚ್ 26ರಂದು, ಇಪ್ಪತ್ತೈದರ ಹರೆಯದಲ್ಲಿ, ಕಲ್ಲನ್ನು ಕುಯ್ಯಿಸಿ ತೆಗೆಸಿಕೊಂಡ. ಆಗಿನ್ನೂ ಅರಿವಳಿಕೆ ಇರಲಿಲ್ಲ. ಬದುಕಿ ಉಳಿದ ಆತ ಆ ದಿನವನ್ನು ಪ್ರತಿವರ್ಷ ಔತಣವಿಟ್ಟು ಆಚರಿಸಲು ನಿಶ್ಚಯಿಸಿದ; ಟೆನ್ನಿಸ್ ಚೆಂಡಿನಷ್ಟಿದ್ದ ಕಲ್ಲಿಗೆ ಒಂದು ಪೆಟ್ಟಿಗೆಯನ್ನೂ ಮಾಡಿಸಿದ. 1669ರಲ್ಲಿ ಗೆಳೆಯ ಜಾನ್ ಈವ್ಲಿನ್‌ನ ತಮ್ಮ ಇದೇ ಬಾಧೆಯಿಂದ ನರಳುತ್ತಿದ್ದಾಗ ಆ ಕಲ್ಲನ್ನು ಹಿಡಿದುಕೊಂಡು ಹೋಗಿ, ತೋರಿಸಿ ಧೈರ್ಯ ಹೇಳಿದ. ತನ್ನ ಗುಟ್ಟಿನ ನೋವನ್ನು ಇನ್ನೊಬ್ಬರ ಧೈರ್ಯಕ್ಕೆ ಬಳಸಿದ ಮನುಷ್ಯ ಎಂದು ನನಗೆ ಆತ ಮೆಚ್ಚುಗೆಯಾಗುತ್ತಾನೆ.

ಇನ್ನೊಂದು ಕತೆ ಅಮೆರಿಕದ್ದು. ಗಾಳಿಪಟ ಹಾರಿಸಿ ಮಿಂಚನ್ನು ಪರೀಕ್ಷಿಸಿದ ಬೆಂಜಮಿನ್ ಫ್ರಾಂಕ್ಲಿನ್ ನಮಗೆಲ್ಲ ಗೊತ್ತು. ಅದೇ 1752ರಲ್ಲಿ ಬಾಸ್ಟನ್ನಿನಲ್ಲಿದ್ದ ಅವನ ಅಣ್ಣ ಜಾನ್ ಕಲ್ಲಿನ ಬಾಧೆಯಿಂದ ಮೂತ್ರ ಹೋಗದೆ ಒದ್ದಾಡುತ್ತಿದ್ದ. ಆಗಿನ ನಳಿಗೆಗಳು ಬಾಗದ ಲೋಹದವು. ಒಳಗೆ ತೂರಿಸುವುದೇ ಒಂದು ಶಿಕ್ಷೆ. ಫ್ರಾಂಕ್ಲಿನ್ ಫಿಲಡೆಲ್ಫಿಯಾದ ಅಕ್ಕಸಾಲಿಗನ ಬಳಿ ಹೋಗಿ, ಹೇಗಿರಬೇಕೆಂದು ವಿವರಿಸಿ, ಮುಗಿಯುವವರೆಗೂ ಪಕ್ಕದಲ್ಲೇ ಕುಳಿತು, ಬಾಗುವಂಥ ಬೆಳ್ಳಿಯ ನಳಿಗೆ ಮಾಡಿಸಿ ಡಿಸೆಂಬರಿನ ಟಪಾಲಿನಲ್ಲಿ ಕಳುಹಿಸಿದ. ಅಣ್ಣ ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಿದ್ದರಿಂದಲ್ಲವೆ ತಮ್ಮನ ಬುದ್ಧಿ ಓಡಿದ್ದು?

ಒಳಗೆ ಹೋದ ಮೇಲೆ ಪುಟ್ಟ ಬಲೂನು ಉಬ್ಬಿ, ಜಾರದೆ ನಿಲ್ಲುವ ರಬ್ಬರ್ ನಳಿಗೆ ಬಂದದ್ದು 1930ರ ದಶಕದಲ್ಲಿ, ಅಮೆರಿಕದ ವೈದ್ಯ ಫ್ರೆಡರಿಕ್ ಫೋಲಿಯಿಂದ. ಅದರ ಪೇಟೆಂಟ್ ಅವನಿಗೆ ದಕ್ಕಲಿಲ್ಲ. ಹೆಸರು ಮಾತ್ರ ದಕ್ಕಿತು. ಇಂದಿಗೂ ನಮ್ಮೂರ ನರ್ಸುಗಳು ‘ಫೋಲೀಸ್’ ಎಂದೇ ಕೇಳುತ್ತಾರೆ.

ನಳಿಗೆ ತಾತ್ಕಾಲಿಕ ಉಪಾಯವಾಯಿತು. ಮೂಲ ಎಲ್ಲಿದೆ? ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಪ್ರಾಸ್ಟೇಟ್ ಗ್ರಂಥಿ ಇರುತ್ತದೆ. ವಯಸ್ಸಾದಂತೆ ಅದು ಬೆಳೆದು ನಾಳವನ್ನು ಒತ್ತುತ್ತದೆ. ಮೂತ್ರ ಶುರುವಾಗಲು ತಡ, ಸಣ್ಣ ಧಾರೆ, ನಿಂತು ನಿಂತು ಬರುವುದು, ಪೂರ್ತಿ ಖಾಲಿಯಾಗಲಿಲ್ಲವೆಂಬ ಭಾವನೆ, ಇವೆಲ್ಲ ಆಗ ಕಾಣಿಸಿಕೊಳ್ಳುತ್ತವೆ. ಆದರೆ ಸಣ್ಣ ಧಾರೆಗೆಲ್ಲ ಪ್ರಾಸ್ಟೇಟೇ ಕಾರಣವಲ್ಲ. ಮೂತ್ರನಾಳ ಕಿರಿದಾಗಿರಬಹುದು, ಸಕ್ಕರೆ ಕಾಯಿಲೆಯಿಂದ ಮೂತ್ರಕೋಶದ ನರಗಳು ಸೋತಿರಬಹುದು, ಅಪರೂಪಕ್ಕೆ ಕ್ಯಾನ್ಸರೂ ಇರಬಹುದು. ಆದ್ದರಿಂದಲೇ ಊಹೆ ಸಾಲದು. ಧಾರೆಯ ವೇಗವನ್ನು ಯಂತ್ರದಿಂದಲೇ ಅಳೆಯುತ್ತಾರೆ. ಗಂಡಸರಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 15 ಮಿಲಿಲೀಟರಿಗಿಂತ ಹೆಚ್ಚಿದ್ದರೆ ಸಾಮಾನ್ಯ. 10ಕ್ಕಿಂತ ಇಳಿದರೆ ಎಲ್ಲೋ ಅಡ್ಡಿಯಿದೆ ಎಂದು ಸಂಶಯಪಡುತ್ತಾರೆ.

ಮದ್ದಿನ ಕತೆಯಲ್ಲಿ ಒಬ್ಬ ಹೆಣ್ಣುಮಗಳ ಪಾತ್ರವೂ ಇದೆ. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದ ಹಳ್ಳಿಗಳಲ್ಲಿ ಕೆಲವು ಮಕ್ಕಳು ಹುಟ್ಟಿನಲ್ಲಿ ಹೆಣ್ಣಿನಂತೆ ಕಂಡು, ಹೆಣ್ಣುಮಕ್ಕಳಾಗಿ ಬೆಳೆದು, ಹರೆಯಕ್ಕೆ ಬಂದಾಗ ಗಂಡಾಗಿ ಮಾರ್ಪಡುತ್ತಿದ್ದರು. ಅಮೆರಿಕದ ವೈದ್ಯೆ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು ಇವರನ್ನು ಪರೀಕ್ಷಿಸಿ, ಒಂದು ಕಿಣ್ವದ ಕೊರತೆಯೇ ಕಾರಣವೆಂದು 1974ರಲ್ಲಿ ಪ್ರಕಟಿಸಿದರು. ಇವರ ಪ್ರಾಸ್ಟೇಟ್ ಮಾತ್ರ ದೊಡ್ಡವರಾದ ಮೇಲೂ ಚಿಕ್ಕದಾಗಿಯೇ ಉಳಿಯುತ್ತಿತ್ತು. ಹಾಗಾದರೆ ಆ ಕಿಣ್ವವನ್ನೇ ತಡೆದರೆ? ಆ ಯೋಚನೆಯಿಂದ ಹುಟ್ಟಿದ ಫಿನಾಸ್ಟೆರೈಡ್ ಮಾತ್ರೆಗೆ 1992ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಗ್ರಂಥಿಯನ್ನು ಕುಗ್ಗಿಸಲು ಆರು ತಿಂಗಳಾದರೂ ಬೇಕು. ಟ್ಯಾಮ್ಸುಲೋಸಿನ್ ಬಗೆಯ ಮಾತ್ರೆಗಳು ಅಲ್ಲಿಯ ಸ್ನಾಯುವನ್ನು ಸಡಿಲಿಸಿ ಕೆಲವೇ ದಿನಗಳಲ್ಲಿ ಹಾಯೆನ್ನಿಸುತ್ತವೆ. ಎದ್ದು ನಿಂತಾಗ ತಲೆ ಸುತ್ತಬಹುದು, ಎಚ್ಚರ ಬೇಕು. ಮಾತ್ರೆಗೆ ಬಗ್ಗದಿದ್ದರೆ ಹೊಟ್ಟೆ ಕುಯ್ಯದೆ, ಮೂತ್ರನಾಳದ ಮೂಲಕವೇ ಗ್ರಂಥಿಯನ್ನು ಕೆತ್ತಿ ತೆಗೆಯುವ ಶಸ್ತ್ರಚಿಕಿತ್ಸೆ ಇದೆ.

ನಮ್ಮ ಮನೆಗಳ ಬಾರ್ಲಿ ನೀರು, ಬಾಳೆದಿಂಡಿನ ಪಲ್ಯ, ನೆಗ್ಗಿಲುಮುಳ್ಳಿನ ಕಷಾಯಗಳನ್ನು ನಾನು ಹಳಿಯುವುದಿಲ್ಲ. ಆದರೆ ಅವುಗಳನ್ನು ನಂಬಿ ವರ್ಷಗಟ್ಟಲೆ ಕುಳಿತರೆ, ಮೂತ್ರಕೋಶದಲ್ಲಿ ತಂಗಿದ ನೀರು ಹಿಂದಕ್ಕೆ ಒತ್ತಿ ಮೂತ್ರಪಿಂಡಗಳನ್ನೇ ಕೆಡಿಸಬಹುದು. ರಾತ್ರಿ ಮಲಗುವ ಮುಂಚೆ ನೀರು, ಕಾಫಿ ಕಡಿಮೆ ಮಾಡುವುದು, ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು ಮನೆಯಲ್ಲೇ ಮಾಡಬಹುದಾದದ್ದು. ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ತರುವ ಕೆಲವು ಮಾತ್ರೆಗಳು ಇಂಥವರಿಗೆ ಮೂತ್ರ ಕಟ್ಟಿಸಿಬಿಡುತ್ತವೆ; ವೈದ್ಯರನ್ನು ಕೇಳದೆ ಕೊಡಬಾರದು. ಮೂತ್ರದಲ್ಲಿ ರಕ್ತ, ಚಳಿಜ್ವರ, ಇಲ್ಲವೇ ಪೂರ್ತಿ ಕಟ್ಟಿಕೊಳ್ಳುವುದು ಕಂಡರೆ ಬೆಳಗಾಗಲೆಂದು ಕಾಯಬಾರದು.

ಇದು ಗಂಡಸರ ಕಾಯಿಲೆಯೆಂದು ನಾವು ಪಾರಾಗುವಂತೆಯೂ ಇಲ್ಲ. ಗರ್ಭಕೋಶ ಜಾರಿದಾಗ, ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಹೆಂಗಸರ ಧಾರೆಯೂ ಸಣ್ಣಗಾಗುತ್ತದೆ. ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ ಹೆದರಿ ನೀರನ್ನೇ ಕುಡಿಯದೆ ದಿನ ಕಳೆಯುವ ನಾವು ಇದನ್ನು ಯಾರ ಬಳಿಯೂ ಹೇಳುವುದಿಲ್ಲ.

1992ರಲ್ಲಿ ಅಮೆರಿಕದ ಮೂತ್ರರೋಗ ತಜ್ಞರು ರೋಗಿಗೆ ಕೇಳಬೇಕಾದ ಏಳು ಪ್ರಶ್ನೆಗಳ ಪಟ್ಟಿ ಮಾಡಿದರು. ಅದಕ್ಕೆ ಜೊತೆಯಾದ ಇನ್ನೊಂದು ಪ್ರಶ್ನೆ, ಬದುಕಿನುದ್ದಕ್ಕೂ ಹೀಗೆಯೇ ಇರಬೇಕಾದರೆ ನಿಮಗೆ ಹೇಗನ್ನಿಸುತ್ತದೆ ಎಂಬರ್ಥದ್ದು. ಅಷ್ಟು ದೊಡ್ಡ ಪಟ್ಟಿ ಮನೆಯಲ್ಲಿ ಬೇಡ. ‘ರೀ, ಮೂತ್ರ ಸಲೀಸಾಗಿ ಹೋಗ್ತಿದೆಯಾ?’ ಎಂದು ಒಂದು ಮಾತು ಕೇಳಿದರಾಯಿತು. ಮಾವನವರನ್ನು ಕೇಳಲು ಸಂಕೋಚವಾದರೆ ಮಗನಿಂದ ಕೇಳಿಸಬಹುದು.