ಹೊಳೆಬಾಗಿಲಿನ ಲಾಂಚ್

ದೇವಾಲಯದ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಲಾಂಚಿನ ಕಥೆಗೆ ಏನು ಕೆಲಸವೆಂದು ವಾಚಕ ಮಹಾಶಯರು ಕೇಳಿಯಾರು. ಮಲೆನಾಡಿನ ಕಥೋಲಿಕ ಕುಟುಂಬಗಳಲ್ಲಿ ಅನೇಕವು ಕರಾವಳಿಯಿಂದ ಘಟ್ಟ ಹತ್ತಿ ಬಂದಂಥವು. ಸೇತುವೆಗಳು ಇನ್ನೂ ಕಾಣದಿದ್ದ ಕಾಲದಲ್ಲಿ ಕೆಳಗಿನ ಹೊಳೆಗಳಲ್ಲಿ ಎರಡು ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ, ಅದರ ಮೇಲೆ ಮೋಟಾರು ಗಾಡಿಗಳನ್ನು ಏರಿಸಿ ದಾಟಿಸುತ್ತಿದ್ದ ‘ಜಂಗಲ್’ ಅವರ ಹಿರಿಯರಿಗೆ ಪರಿಚಿತವೇ ಆಗಿತ್ತು. ಕರಾವಳಿಯ ಜಂಗಲ್ಲುಗಳು ಒಂದೊಂದಾಗಿ ಮರೆಯಾದವು. ಆದರೆ ಘಟ್ಟದ ಮೇಲೆ, ಸಾಗರ ತಾಲ್ಲೂಕಿನಲ್ಲಿ, ಅದೇ ಬಗೆಯ ಸಂಚಾರವೊಂದು ಹೊಸದಾಗಿ ಹುಟ್ಟಿ 2025ರವರೆಗೂ ನಡೆದುಬಂದಿತು. ಅದು ಹುಟ್ಟಿದ್ದು ನಿಸರ್ಗದ ಹೊಳೆಯಿಂದಲ್ಲ, ಮನುಷ್ಯ ಕಟ್ಟಿದ ಕಟ್ಟೆಯಿಂದ.

ಶರಾವತಿಗೆ ಮೊದಲ ದೊಡ್ಡ ತಡೆ ಬಿದ್ದದ್ದು ಮಡೆನೂರಿನ ಬಳಿಯ ಹಿರೇಭಾಸ್ಕರ ಅಣೆಕಟ್ಟಿನಿಂದ. ಅದು ಪೂರ್ಣಗೊಂಡದ್ದು 1948ರಲ್ಲಿ. ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸುವುದು ಅದರ ಉದ್ದೇಶ. ಅದೂ ಸಾಲದೆಂದು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಸಮುದ್ರಮಟ್ಟದಿಂದ 1,819 ಅಡಿಯವರೆಗೆ ನೀರು ನಿಲ್ಲುವ ಈ ಜಲಾಶಯದಲ್ಲಿ ಮೊದಲಿನ ಅಣೆಕಟ್ಟೇ ಮುಳುಗಿಹೋಯಿತು. ಕಡುಬೇಸಗೆಯಲ್ಲಿ ನೀರಿಳಿದಾಗ ಅದರ ಕಲ್ಲುಗೋಡೆ ಇಂದಿಗೂ ಮೇಲೆದ್ದು ಕಾಣುತ್ತದೆ. ಜಲಾಶಯದ ನೀರನ್ನು ನಂಬಿದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಒಂದು ಕಾಲಕ್ಕೆ ನಾಡಿನ ದೀಪಗಳಲ್ಲಿ ಬಹುಪಾಲು ಈ ನೀರಿನಿಂದಲೇ ಉರಿಯುತ್ತಿದ್ದವೆಂದರೆ ಉತ್ಪ್ರೇಕ್ಷೆಯಲ್ಲ.

ನೀರು ಏರಿದಾಗ ಗದ್ದೆ, ತೋಟ, ಮನೆ, ಗುಡಿಗಳು ಮುಳುಗಿದವು. ಅನೇಕರು ಗಂಟುಮೂಟೆ ಕಟ್ಟಿ ಬೇರೆಡೆಗೆ ಹೋದರು. ಅವರ ಕಷ್ಟ ಬೇರೆಯೇ ಒಂದು ಅಧ್ಯಾಯ. ಇಲ್ಲಿ ಹೇಳಬೇಕಾದುದು ಉಳಿದವರ ಸಂಗತಿ. ಕರೂರು ಮತ್ತು ಭಾರಂಗಿ ಹೋಬಳಿಗಳ ತುಮರಿ, ಬ್ಯಾಕೋಡು ಮೊದಲಾದ ಊರುಗಳು ಮುಳುಗಲಿಲ್ಲ. ಆದರೆ ತಾಲ್ಲೂಕಿನ ಪೇಟೆಯಿಂದ ಕಡಿದುಹೋದವು. ಸಾಗರದಿಂದ ಆವಿನಹಳ್ಳಿಯ ಮೇಲೆ ಬಂದ ರಸ್ತೆ ಅಂಬಾರಗೋಡ್ಲುವಿನಲ್ಲಿ ನೇರವಾಗಿ ನೀರಿಗೆ ಇಳಿದು ನಿಂತಿತು. ಆಚೆ ದಡ ಕಳಸವಳ್ಳಿ. ಈ ತಾಣಕ್ಕೆ ಜನರ ಬಾಯಲ್ಲಿ ಹೊಳೆಬಾಗಿಲು ಎಂದೇ ಹೆಸರು.

ಈ ಬಾಗಿಲನ್ನು ತೆರೆದು ಮುಚ್ಚುವ ಕೆಲಸ ಲಾಂಚಿನದಾಯಿತು. ಒಳನಾಡು ಜಲಸಾರಿಗೆ ಇಲಾಖೆಯವರು ನಡೆಸುತ್ತಿದ್ದ ಈ ನಾವೆಗಳು ಚಪ್ಪಟೆಯಾದ ಕಬ್ಬಿಣದ ಅಟ್ಟದಂಥವು. ಡೀಸೆಲ್ ಯಂತ್ರದಿಂದ ನಡೆಯುವಂಥವು. ದಡ ಮುಟ್ಟಿದೊಡನೆ ತುದಿಯ ಹಲಗೆ ಕೆಳಗಿಳಿಯುವುದು. ಬಸ್ಸು, ಜೀಪು, ಕಾರುಗಳು ಅದರ ಮೇಲೆ ಹತ್ತುವುವು. ಯಾವ ಗಾಡಿ ಎಲ್ಲಿ ನಿಲ್ಲಬೇಕೆಂಬುದು ಸಿಬ್ಬಂದಿಯ ನಿರ್ಣಯ, ಏಕೆಂದರೆ ಭಾರ ಒಂದು ಮಗ್ಗುಲಿಗೆ ವಾಲಕೂಡದು. ಗಾಡಿಗಳ ಸಂದಿಗಳಲ್ಲಿ ಶಾಲೆಯ ಮಕ್ಕಳು, ಅಡಿಕೆ ಮಾರಲು ಹೊರಟವರು, ಬಸುರಿಯರು, ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಹೊರಟ ಯಾತ್ರಿಕರು. ಜಾತಿಮತಗಳ ಎಣಿಕೆ ಆ ಅಟ್ಟದ ಮೇಲೆ ನಡೆಯುವಂತಿರಲಿಲ್ಲ. ಎಲ್ಲರೂ ಒಂದೇ ಕಂಬಿಗೆ ಒರಗಿ ನಿಲ್ಲಬೇಕಾಗಿತ್ತು.

ದೂರದಿಂದ ಬಂದವರಿಗೆ ಈ ಪಯಣ ಒಂದು ವಿಹಾರ. ನೀಲಿ ನೀರು, ನಡುಗಡ್ಡೆಗಳು, ತಂಗಾಳಿ. ದ್ವೀಪದವರಿಗೆ ಮಾತ್ರ ಅದು ಗಡಿಯಾರ. ಬೆಳಗಿನ ಲಾಂಚಿಗೆ ತಪ್ಪಿದರೆ ಕಚೇರಿಯ ಕೆಲಸ ಕೆಟ್ಟಿತು. ಸಂಜೆಯ ಕೊನೆಯ ಲಾಂಚು ಹೊರಟುಹೋದರೆ ಪೇಟೆಯಲ್ಲೇ ರಾತ್ರಿ ಕಳೆಯಬೇಕು. ದೇವಿಯ ಕ್ಷೇತ್ರದ ಪ್ರಸಿದ್ಧಿ ಹೆಚ್ಚಿದಂತೆ ರಜಾದಿನಗಳಲ್ಲಿ ವಾಹನಗಳ ಸಾಲು ರಸ್ತೆಯುದ್ದಕ್ಕೂ ಬೆಳೆಯತೊಡಗಿತು. ನೀರು ದಾಟುವುದಕ್ಕೆ ಅರ್ಧ ಗಂಟೆಯೂ ಬೇಡ, ಸರದಿ ಕಾಯುವುದಕ್ಕೆ ಕೆಲವೊಮ್ಮೆ ಅರ್ಧ ದಿನ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆಯ ನೋವು ಕಾಣಿಸಿಕೊಂಡರೆ, ಹೊಸನಗರದ ಕಡೆಯಿಂದಲೋ ಕೋಗಾರಿನ ಕಡೆಯಿಂದಲೋ ಕಾಡುದಾರಿಯಲ್ಲಿ ಸುತ್ತಿ ಬರಬೇಕು. ನಾಡಿಗೆ ಬೆಳಕು ಕೊಡುವ ನೀರು, ದಡದಲ್ಲಿರುವವರಿಗೆ ಕತ್ತಲಾದ ಮೇಲೆ ಗೋಡೆಯಾಗಿ ನಿಲ್ಲುತ್ತಿತ್ತು. ಇದನ್ನು ಯೋಜನೆಯ ಅನಿವಾರ್ಯ ಬೆಲೆಯೆಂದು ಹೇಳುವವರಿದ್ದಾರೆ; ಆದರೆ ಆ ಬೆಲೆಯನ್ನು ಆರು ದಶಕಗಳ ಕಾಲ ಒಂದೇ ಕಡೆಯವರಿಂದ ವಸೂಲು ಮಾಡಿದ್ದು ನ್ಯಾಯವೆನ್ನಲಾಗದು.

ಮಳೆ ಕೈಕೊಟ್ಟ ವರ್ಷ ತೊಂದರೆ ಇಮ್ಮಡಿ. ನೀರು ತಳ ಹಿಡಿದರೆ ಲಾಂಚು ದಡ ಸೇರದು. 2023ರ ಜೂನ್ ತಿಂಗಳಲ್ಲಿ ಹೀಗೆಯೇ ವಾಹನಗಳನ್ನು ಸಾಗಿಸುವುದನ್ನು ನಿಲ್ಲಿಸಿ ಜನರನ್ನು ಮಾತ್ರ ದಾಟಿಸಬೇಕಾಯಿತು.

ಇಷ್ಟನ್ನೂ ಕನ್ನಡ ಸಾಹಿತ್ಯಕ್ಕೆ ತಂದುಕೊಟ್ಟವರು ನಮ್ಮವರೇ ಆದ ಶ್ರೀ ನಾ. ಡಿಸೋಜರು. ಸಾಗರದ ಕಥೋಲಿಕ ಕುಟುಂಬದಲ್ಲಿ 1937ರಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡ ಅವರು, ಸರ್ಕಾರಿ ಕಡತಗಳಲ್ಲಿ ಎಕರೆ-ಗುಂಟೆಗಳಾಗಿ ಮಾತ್ರ ದಾಖಲಾದ ಮುಳುಗಡೆಯನ್ನು ಮನುಷ್ಯರ ಕಥೆಯಾಗಿ ಬರೆದರು. ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಓದದೆ ಈ ಹಿನ್ನೀರನ್ನು ನೋಡುವವನು ಅರ್ಧವನ್ನೇ ನೋಡಿದಂತೆ. ‘ದ್ವೀಪ’ವು ಗಿರೀಶ್ ಕಾಸರವಳ್ಳಿಯವರ ನಿರ್ದೇಶನದಲ್ಲಿ ಚಲನಚಿತ್ರವಾಗಿ ರಾಷ್ಟ್ರೀಯ ಪ್ರಶಸ್ತಿಯ ಸ್ವರ್ಣಕಮಲವನ್ನು ಪಡೆಯಿತು. 2014ರಲ್ಲಿ ಮಡಿಕೇರಿಯಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೂ ಅವರಿಗೆ ಸಂದಿತು. ಲಾಂಚಿನ ಕಥೆ ಈ ಪುಟಗಳಲ್ಲಿ ಸ್ಥಾನ ಪಡೆಯಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲವೆಂದು ನಮ್ಮ ಭಾವನೆ.

ಸೇತುವೆ ಬೇಕೆಂಬ ಬೇಡಿಕೆ ಬಹಳ ಹಳೆಯದು. ಮನವಿಗಳು ಹೋದವು, ಪಾದಯಾತ್ರೆಗಳು ನಡೆದವು, ಚುನಾವಣೆಗಳು ಬಂದುಹೋದವು. ಕೊನೆಗೆ 2018ರಲ್ಲಿ ಶಂಕುಸ್ಥಾಪನೆಯಾಯಿತು. ಉಕ್ಕಿನ ಕೇಬಲ್ಲುಗಳ ಆಧಾರದಲ್ಲಿ ನಿಂತ, 2.44 ಕಿಲೋಮೀಟರು ಉದ್ದದ ಸೇತುವೆಯು 2025ರ ಜುಲೈ 14ರಂದು ಉದ್ಘಾಟನೆಗೊಂಡಿತು. ಅಂದಿನಿಂದ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಹೋಗಲು ಕೆಲವೇ ನಿಮಿಷ ಸಾಕು, ರಾತ್ರಿಯಾದರೂ ತಡೆಯಿಲ್ಲ. ಡಿಸೋಜರು ಅದನ್ನು ಕಾಣಲಿಲ್ಲ. ಅದೇ ವರ್ಷದ ಜನವರಿ 5ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದ್ದರು.