68 ದಿನಗಳ ಗೃಹವಾಸ

ಅರಸರ ಚರಿತ್ರೆಯನ್ನು ಬರೆಯುವವರಿಗೆ ಶಾಸನಗಳುಂಟು, ಬಖೈರುಗಳುಂಟು, ಸರ್ಕಾರದ ದಫ್ತರಗಳುಂಟು. ಸಾಮಾನ್ಯರ ಮನೆಯ ಚರಿತ್ರೆಗೆ ಅಂತಹ ಆಧಾರಗಳು ಬಲು ವಿರಳ. ಬೆಳಗಿನಿಂದ ರಾತ್ರಿಯವರೆಗೆ ಮನೆಮಂದಿ ಏನು ಮಾಡುತ್ತಿದ್ದರು, ಮಕ್ಕಳು ಯಾವ ಆಟಗಳನ್ನಾಡುತ್ತಿದ್ದರು, ಅಜ್ಜಿಯು ಯಾವ ಕಥೆಗಳನ್ನು ಹೇಳುತ್ತಿದ್ದಳು ಎಂಬುದನ್ನು ಕಲ್ಲಿನಲ್ಲಿ ಕೊರೆಯಿಸಿದವರಿಲ್ಲ. ದಿನವೂ ನಡೆಯುವ ಸಂಗತಿಯನ್ನು ಬರೆದಿಡಬೇಕೆಂದು ಯಾರಿಗೂ ತೋರುವುದಿಲ್ಲ. ಆದುದರಿಂದಲೇ ಅದು ಎಲ್ಲಕ್ಕಿಂತ ಮೊದಲು ಮರೆತುಹೋಗುವುದು. ನಾಡಿಗೆ ದೊಡ್ಡದೊಂದು ವಿಪತ್ತು ಒದಗಿದಾಗ ಮಾತ್ರ ಮನೆಯ ಒಳಬಾಳು ಸ್ವಲ್ಪಮಟ್ಟಿಗೆ ಬೆಳಕಿಗೆ ಬರುವುದುಂಟು. 2020ನೆಯ ಇಸವಿಯ ಮಹಾಮಾರಿಯ ಕಾಲದಲ್ಲಿ ಹಾಗಾಯಿತು. ಆ ದಿನಗಳಲ್ಲಿ ಕನ್ನಡನಾಡಿನ ಮನೆಗಳಲ್ಲಿ ಜನರು ಹೊತ್ತನ್ನು ಹೇಗೆ ಕಳೆದರು, ಅದರಿಂದ ನಾವು ತಿಳಿಯಬೇಕಾದುದೇನು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಇದಕ್ಕೆ ಮೊದಲು ಹಿಂದಿನ ಒಂದು ಮಾರಿಯನ್ನು ನೆನೆಯಬೇಕು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿಯನ್ನು ಹಿಡಿದು ದಕ್ಷಿಣಕ್ಕೆ ಇಳಿದು, 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಇಲಿಯ ಮೈಮೇಲಿನ ಚಿಗಟವೇ ಆ ರೋಗವನ್ನು ಹರಡುವುದೆಂದು ಫ್ರೆಂಚ್ ವೈದ್ಯನಾದ ಸಿಮೊಂಡನು ಅದೇ ವರ್ಷ ಕರಾಚಿಯಲ್ಲಿ ಕಂಡುಹಿಡಿದನು. ಆ ಶಾಸ್ತ್ರವು ನಮ್ಮ ಹಳ್ಳಿಗಳಿಗೆ ತಲಪುವುದಕ್ಕೆ ಬಹುಕಾಲ ಹಿಡಿದರೂ, ಇಲಿ ಬಿದ್ದ ಮನೆಯಲ್ಲಿ ಇರಬಾರದೆಂಬುದನ್ನು ಜನರು ಅನುಭವದಿಂದ ಅರಿತುಕೊಂಡರು. ಸತ್ತ ಇಲಿಯೊಂದು ಕಂಡಿತೆಂದರೆ ಊರಿಗೆ ಊರೇ ಬಾಗಿಲುಗಳಿಗೆ ಬೀಗವಿಕ್ಕಿ, ಪಾತ್ರೆಪಡಗಗಳನ್ನೂ ದನಕರುಗಳನ್ನೂ ಕೂಡಿಕೊಂಡು ಹೊಲಗಳಿಗೂ ತೋಪುಗಳಿಗೂ ಹೋಗಿ, ಗರಿ ಹುಲ್ಲುಗಳ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ವಾಸಮಾಡುತ್ತಿತ್ತು. ಈ ಬಗೆಯ ಬಾಳನ್ನು ಅರಿಯಬೇಕೆನ್ನುವವರು 1970ರಲ್ಲಿ ಪ್ರಕಟವಾದ ಶ್ರೀ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯನ್ನು ಓದಬಹುದು. ಪ್ಲೇಗಮ್ಮನ ಗುಡಿಗಳು ಇಂದಿಗೂ ನಮ್ಮ ನಾಡಿನಲ್ಲಿ ಉಳಿದಿರುವುದು ಆ ಭಯದ ಗುರುತೇ ಸರಿ.

2020ರಲ್ಲಿ ಬಂದ ಕೋವಿಡ್ ಜಾಡ್ಯದ ರೀತಿಯಾದರೋ ಇದಕ್ಕೆ ತೀರ ವಿರುದ್ಧವಾದುದು. ಅದು ಮನುಷ್ಯನ ಉಸಿರಿನಿಂದ ಮನುಷ್ಯನಿಗೆ ತಗಲುವ ರೋಗ. ಪ್ಲೇಗು ಜನರನ್ನು ಮನೆಯಿಂದ ಬಯಲಿಗೆ ಅಟ್ಟಿದರೆ, ಇದು ಬಯಲಿನಿಂದ ಮನೆಯೊಳಕ್ಕೆ ಅಟ್ಟಿತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಜಾಗತಿಕ ಪಿಡುಗೆಂದು ಸಾರಿತು; ಅದರ ಮರುದಿನವೇ, ಭಾರತದಲ್ಲಿ ಈ ರೋಗದಿಂದ ಸಂಭವಿಸಿದ ಮೊದಲನೆಯ ಮರಣವು ಕಲಬುರಗಿಯ ವೃದ್ಧರೊಬ್ಬರದೆಂದು ತಿಳಿದುಬಂದಿತು. ಪ್ಲೇಗಿನ ಕಾಲದಲ್ಲಿ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ ಮತ್ತೆ ಹೊರತೆಗೆಯಬೇಕಾಯಿತು. ಮಾರ್ಚ್ 22ರಂದು ಒಂದು ದಿನದ ಜನತಾ ಕರ್ಫ್ಯೂ ನಡೆಯಿತು. 25ರಿಂದ ದೇಶಕ್ಕೆಲ್ಲ 21 ದಿನಗಳ ಲಾಕ್‌ಡೌನ್ ವಿಧಿಸಲ್ಪಟ್ಟು, ಮೂರು ಸಲ ಮುಂದುವರಿದು, ಕಟ್ಟುಗಳು ಕ್ರಮಕ್ರಮವಾಗಿ ಸಡಿಲಗೊಳ್ಳುತ್ತ ಮೇ 31ಕ್ಕೆ ಮುಗಿಯಿತು. ಒಟ್ಟು 68 ದಿನಗಳಾದುವು.

ಮಾರ್ಚ್ 25ನೆಯ ದಿನವೇ ಯುಗಾದಿ. ಅಂದು ಕಾಲಿಟ್ಟ ಸಂವತ್ಸರದ ಹೆಸರು ಶಾರ್ವರಿ, ಶಾರ್ವರಿಯೆಂದರೆ ರಾತ್ರಿ. ಹಬ್ಬಕ್ಕೆ ಬರಬೇಕಾದ ನೆಂಟರು ಬರಲಿಲ್ಲ. ದೇವಸ್ಥಾನಗಳ ಬಾಗಿಲು ಭಕ್ತರಿಗೆ ತೆರೆಯಲಿಲ್ಲ. ಪಂಚಾಂಗ ಶ್ರವಣವು ಆಯಾ ಮನೆಯ ನಡುಮನೆಯಲ್ಲಿಯೇ ಆಗಬೇಕಾಯಿತು. ಒಂದು ತಿಂಗಳ ತರುವಾಯ ರಂಜಾನ್ ಉಪವಾಸಗಳು ಮೊದಲಾದಾಗ ಮುಸಲ್ಮಾನ ಬಾಂಧವರು ರಾತ್ರಿಯ ನಮಾಜನ್ನು ಮಸೀದಿಗೆ ಹೋಗದೆ ಮನೆಮಂದಿಯೊಡನೆಯೇ ಮಾಡಿದರು. ಬಸವ ಜಯಂತಿಯೂ ಈಸ್ಟರ್ ಹಬ್ಬವೂ ಹೀಗೆಯೇ ಮನೆಗಳೊಳಗೆ ನಡೆದುವು.

ಮೊದಲ ಕೆಲವು ದಿನಗಳು ಸುದ್ದಿ ಕೇಳುವುದರಲ್ಲಿಯೂ ಭಯಪಡುವುದರಲ್ಲಿಯೂ ಕಳೆದುಹೋದುವು. ಆಮೇಲೆ ಹೊತ್ತು ಎಂಬುದೊಂದು ದೊಡ್ಡ ಸಮಸ್ಯೆಯಾಗಿ ಎದುರಿಗೆ ನಿಂತಿತು. ಕಚೇರಿಯಿಲ್ಲ, ಶಾಲೆಯಿಲ್ಲ, ಸಂತೆಯಿಲ್ಲ, ಜಾತ್ರೆಯಿಲ್ಲ. ಆಗ ಅನೇಕ ಮನೆಗಳಲ್ಲಿ ಹಿರಿಯರು ತಮ್ಮ ಬಾಲ್ಯದ ಆಟಗಳನ್ನು ನೆನಪಿನಿಂದ ಹೊರತೆಗೆದರು. ಇವುಗಳಲ್ಲಿ ಮುಖ್ಯವಾದುದು ಚೌಕಾಬಾರ. ಇದಕ್ಕೆ ಬೇಕಾದ ಸಾಮಗ್ರಿ ಬಲು ಸ್ವಲ್ಪ. ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಮನೆಗಳ ಐದು ಸಾಲು ಬರೆದು, ನಾಲ್ಕು ಕಡೆಯ ನಡುಮನೆಗಳಿಗೂ ಒಳಗಿನ ನಟ್ಟನಡುವಿನ ಮನೆಗೂ ಕತ್ತರಿಗೆರೆ ಎಳೆದರೆ ಹಾಸು ಸಿದ್ಧ. ಕವಡೆಗಳಿಲ್ಲದಿದ್ದರೆ ಹುಣಿಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲನ್ನು ಬೆಳ್ಳಗೆ ಮಾಡಿಕೊಂಡರಾಯಿತು. ಒಡೆದ ಬಳೆಯ ಚೂರುಗಳು, ಕಡಲೆಕಾಳುಗಳು, ಕಡ್ಡಿಯ ತುಂಡುಗಳು ಕಾಯಿಗಳಾಗುವುವು. ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಕಾಯಿಗಳು ಹೊರಸುತ್ತಿನ 16 ಮನೆಗಳನ್ನು ದಾಟಿ, ಒಳಸುತ್ತಿನ 8 ಮನೆಗಳಲ್ಲಿ ಎದುರುದಿಕ್ಕಿಗೆ ತಿರುಗಿ, ನಡುಮನೆಯನ್ನು ಸೇರಿದರೆ ಹಣ್ಣಾದುವೆಂದು ಲೆಕ್ಕ. ಬೇರೊಬ್ಬರ ಕಾಯಿಯನ್ನು ಒಮ್ಮೆಯಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬ ಕಟ್ಟಳೆಯೂ ಬಹಳ ಮನೆಗಳಲ್ಲಿ ಉಂಟು.

ಈ ಆಟವು ಆ ದಿನಗಳಿಗೆ ಅಷ್ಟು ಚೆನ್ನಾಗಿ ಹೊಂದಿದುದಕ್ಕೆ ಕಾರಣವುಂಟು. ಇದರಲ್ಲಿ ಅರ್ಧ ಬುದ್ಧಿ, ಅರ್ಧ ಅದೃಷ್ಟ. ಕವಡೆಯು ವಯಸ್ಸನ್ನು ನೋಡುವುದಿಲ್ಲವಾದುದರಿಂದ ಆರು ವರ್ಷದ ಮೊಮ್ಮಗಳು ಎಪ್ಪತ್ತು ವರ್ಷದ ತಾತನನ್ನು ಸೋಲಿಸಬಲ್ಲಳು. ಸೊಸೆಯು ಮಾವನವರ ಕಾಯಿಯನ್ನು ನಿಸ್ಸಂಕೋಚವಾಗಿ ಹೊಡೆಯಬಹುದಾದ ಸ್ಥಳವು ಮನೆಯಲ್ಲಿ ಇದೊಂದೇ ಇದ್ದೀತು. ಒಂದೇ ಸೂರಿನಡಿಯಲ್ಲಿ ಹಗಲಿರುಳೂ ಇರಬೇಕಾದವರಲ್ಲಿ ಮೂಡುವ ಸಣ್ಣಪುಟ್ಟ ಅಸಮಾಧಾನಗಳು ಹಾಸಿನ ಮುಂದೆ ಜಗಳವಾಗಿ, ನಗುವಾಗಿ ಕಳೆದುಹೋಗುತ್ತಿದ್ದುವು.

ಮನೆಯೊಳಗೆ ಕೂಡಿರಬೇಕಾದ ಕಾಲವೆಂಬುದು ನಮ್ಮ ಪೂರ್ವಿಕರಿಗೆ ಹೊಸದಾಗಿರಲಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ತುಳುನಾಡಿನಲ್ಲಿ ಆಟಿ ತಿಂಗಳೆಂದರೆ ಮಳೆ ಬಿಡದೆ ಸುರಿಯುವ ಕಾಲ. ಹೊಲಗೆಲಸ ಕಡಿಮೆ, ದಾಸ್ತಾನೂ ಕಡಿಮೆ. ಚೆನ್ನೆಮಣೆಯನ್ನು ಅಟ್ಟದಿಂದ ಇಳಿಸುತ್ತಿದ್ದುದು ಆ ತಿಂಗಳಲ್ಲಿಯೇ. ಎರಡು ಸಾಲಿನಲ್ಲಿ ಏಳೇಳು ಗುಳಿಗಳು, ಅವುಗಳಲ್ಲಿ ತುಂಬಲು ಕೆಂಪು ಮಂಜೊಟ್ಟಿ ಬೀಜಗಳು. ಘಟ್ಟದ ಮೇಲೆ ಇದೇ ಜಾತಿಯ ಆಟಕ್ಕೆ ಅಳಿಗುಳಿ ಮನೆಯೆಂದು ಹೆಸರು. ಹೊರಗೆ ಹೋಗಲಾಗದ ಋತುವಿಗೆ ಹಿರಿಯರು ಒಂದು ಆಟವನ್ನು ಮೀಸಲಿಟ್ಟಿದ್ದರೆಂದರೆ, ಬೇಸರವನ್ನು ಕಳೆಯುವುದನ್ನೂ ಅವರು ಬಾಳಿನ ಏರ್ಪಾಡುಗಳಲ್ಲಿ ಒಂದೆಂದು ಎಣಿಸಿದ್ದರೆಂದು ಹೇಳಬೇಕಾಗುತ್ತದೆ. ಹಂಪೆಯಂತಹ ಕ್ಷೇತ್ರಗಳ ಮಂಟಪಗಳ ಹಾಸುಗಲ್ಲಿನಲ್ಲಿ ಆಟದ ಗೆರೆಗಳನ್ನು ಕೊರೆದಿರುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು.

ಅರಸರಲ್ಲಿಯೂ ಇದಕ್ಕೆ ನಿದರ್ಶನವುಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ತೆಗೆದುಕೊಂಡ ಮೇಲೆ, 1868ರಲ್ಲಿ ಅವರು ತೀರಿಕೊಳ್ಳುವವರೆಗೂ ರಾಜ್ಯಭಾರವು ಅವರಿಗೆ ಮರಳಿ ಬರಲಿಲ್ಲ. ಆ ದೀರ್ಘಕಾಲವನ್ನು ಅವರು ಸಾಹಿತ್ಯ ಸಂಗೀತ ಚಿತ್ರಗಳ ಪೋಷಣೆಯಲ್ಲಿಯೂ, ಚದುರಂಗ ಗಂಜೀಫ ಮೊದಲಾದ ಕ್ರೀಡೆಗಳಲ್ಲಿಯೂ ಕಳೆದರು. ಅವರ ಹೆಸರಿನ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಒಂದು ಭಾಗವು ಇಂತಹ ಆಟಗಳಿಗಾಗಿಯೇ ಉಂಟು. ಅಧಿಕಾರ ಹೋದ ಅರಸನಿಗೂ ಕಚೇರಿ ಮುಚ್ಚಿದ ಗುಮಾಸ್ತನಿಗೂ ಹೊತ್ತಿನ ಭಾರ ಒಂದೇ.

ಆಟಗಳಲ್ಲದೆ ಬೇರೆ ಕೆಲಸಗಳೂ ಇದ್ದುವು. ಈ 68 ದಿನಗಳು ಚೈತ್ರ ವೈಶಾಖಗಳ ಬಿಸಿಲಿನ ಕಾಲವಾದುದರಿಂದ ಹಪ್ಪಳ ಸಂಡಿಗೆಗಳಿಗೂ ಮಿಡಿ ಉಪ್ಪಿನಕಾಯಿಗೂ ತಕ್ಕ ಸಮಯ. ಅಂಗಡಿಯಿಂದ ಕೊಳ್ಳುವ ರೂಢಿಗೆ ಬಿದ್ದಿದ್ದ ಪಟ್ಟಣದ ಮನೆಗಳಲ್ಲಿಯೂ ಮಾಳಿಗೆಯ ಮೇಲೆ ಸೀರೆ ಹರಡಿ ಸಂಡಿಗೆ ಇಟ್ಟು, ಕಾಗೆ ಕಾಯುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರು. ಕ್ಷೌರದ ಅಂಗಡಿಗಳು ಮುಚ್ಚಿದ್ದುದರಿಂದ ತಂದೆಯ ಕೂದಲಿಗೆ ಮಗನೇ ಕತ್ತರಿ ಹಿಡಿದನು. 1987-88ರಲ್ಲಿ ಮೊದಲು ಬಂದಿದ್ದ ರಾಮಾಯಣ ಧಾರಾವಾಹಿಯನ್ನು ದೂರದರ್ಶನವು ಮಾರ್ಚ್ 28ರಿಂದ ಮರುಪ್ರಸಾರ ಮಾಡಿತು. ತಾವು ಎಳೆಯರಾಗಿದ್ದಾಗ ನೋಡಿದುದನ್ನು ತಂದೆತಾಯಿಗಳು ಮಕ್ಕಳೊಡನೆ ಕುಳಿತು ನೋಡಿದರು. ದೂರದೇಶದಲ್ಲಿ ಸಿಕ್ಕಿಕೊಂಡ ಮಗನ ಮುಖವನ್ನು ಮೊಬೈಲಿನಲ್ಲಿ ನೋಡುವ ವಿದ್ಯೆಯನ್ನು ಅಜ್ಜಿಯಂದಿರು ಮೊಮ್ಮಕ್ಕಳಿಂದ ಕಲಿತರು. ಹೀಗೆ ವಿದ್ಯೆಯು ಎರಡು ದಿಕ್ಕಿಗೂ ಹರಿಯಿತು.

ಆದರೆ ಚಿತ್ರದ ಮತ್ತೊಂದು ಮಗ್ಗುಲನ್ನು ಮುಚ್ಚಿಟ್ಟರೆ ಅದು ಚರಿತ್ರೆಯೆನಿಸದು. ಎಲ್ಲರೂ ಮನೆಯಲ್ಲಿದ್ದುದರಿಂದ ಬಿಡುವು ದೊರೆತುದು ಎಲ್ಲರಿಗೂ ಅಲ್ಲ. ಮೂರು ಹೊತ್ತಿನ ಅಡಿಗೆ, ನಡುವೆ ತಿಂಡಿ ಕಾಫಿ, ಕೆಲಸದವಳು ಬಾರದುದರಿಂದ ಮುಸುರೆ ಕಸಗಳು, ಇವೆಲ್ಲವೂ ಬಹುಮಟ್ಟಿಗೆ ಹೆಂಗಸರ ತಲೆಯ ಮೇಲೆಯೇ ಬಿದ್ದುವು. ಗಂಡಸರು ಸೌಟು ಹಿಡಿದ ಮನೆಗಳೂ ಉಂಟು. ಅದು ಸುದ್ದಿಯಾಯಿತೆಂಬುದೇ ಅದರ ವಿರಳತೆಗೆ ಸಾಕ್ಷಿ. ಗೃಹಹಿಂಸೆಯ ದೂರುಗಳು ಹೆಚ್ಚಿದುವೆಂದು ರಾಷ್ಟ್ರೀಯ ಮಹಿಳಾ ಆಯೋಗವು ಆ ಏಪ್ರಿಲಿನಲ್ಲಿಯೇ ಎಚ್ಚರಿಸಿತು. ಒಂದೇ ಕೋಣೆಯಲ್ಲಿ ಆರೇಳು ಮಂದಿ ಇರುವ ಕಡೆ ಮನೆಯಲ್ಲಿಯೇ ಇರಿ ಎಂಬ ಮಾತಿಗೆ ಅರ್ಥವೇನು? ಕೂಲಿ ನಿಂತ ದಿನವೇ ಒಲೆಯೂ ನಿಲ್ಲುವವರ ಪಾಡೇನು? ಬೆಂಗಳೂರಿನಲ್ಲಿ ಕಟ್ಟಡಗಳನ್ನು ಕಟ್ಟುತ್ತಿದ್ದವರು ತಮ್ಮ ಊರುಗಳಿಗೆ ಮರಳಲು ಮೇ ತಿಂಗಳ ಮೊದಲಲ್ಲಿ ಬಸ್ ನಿಲ್ದಾಣಗಳಲ್ಲಿ ಕಿಕ್ಕಿರಿದರು. ಶ್ರಮಿಕ ರೈಲುಗಳು ಹೊರಟುದು ಮೇ 1ರಿಂದ ಈಚೆಗೆ. ಮನೆಗಳನ್ನು ಕಟ್ಟಿದವರಿಗೇ ಇರಲು ಮನೆಯಿಲ್ಲದುದನ್ನು ನಾಡೆಲ್ಲ ಕಂಡಿತು. ಮೊಬೈಲಿಲ್ಲದ ಮನೆಗಳ ಮಕ್ಕಳಿಗೆ ಪಾಠವೂ ಇರಲಿಲ್ಲ. ಉಪಾಧ್ಯಾಯರೇ ಮಕ್ಕಳಿರುವ ಕೇರಿಗಳಿಗೆ ಹೋಗಿ ಕಲಿಸುವ ವಿದ್ಯಾಗಮವೆಂಬ ಏರ್ಪಾಡು ಆಗಸ್ಟಿನಲ್ಲಿ ಬಂದಿತಾದರೂ ಅಕ್ಟೋಬರಿನಲ್ಲಿ ನಿಂತುಹೋಯಿತು.

ಮರುವರ್ಷ ರೋಗದ ಎರಡನೆಯ ಅಲೆ ಬಂದಾಗ, 2021ರ ಏಪ್ರಿಲ್ 27ರಿಂದ ಕರ್ನಾಟಕದಲ್ಲಿ ಮತ್ತೆ ಬಾಗಿಲುಗಳು ಮುಚ್ಚಿದುವು. ಆಗ ಹಾಸಿನ ಮುಂದೆ ಕುಳಿತುಕೊಳ್ಳುವ ಮನಸ್ಸು ಬಹಳ ಮಂದಿಗೆ ಇರಲಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆಗಾಗಿಯೂ ಆಮ್ಲಜನಕಕ್ಕಾಗಿಯೂ ಜನರು ಅಲೆಯುತ್ತಿದ್ದ ಕಾಲವದು. ಈ ರೋಗವು ಎಲ್ಲ ವಯಸ್ಸಿನವರನ್ನೂ ಮುಟ್ಟಿದರೂ ಹೆಚ್ಚಾಗಿ ಕೊಂಡೊಯ್ದುದು ವೃದ್ಧರನ್ನು. ಮೊದಲನೆಯ ವರ್ಷ ಚೌಕಾಬಾರದ ಮನೆ ಬರೆದು ಕೊಟ್ಟವರು, ಸಂಡಿಗೆಯ ಹಿಟ್ಟಿನ ಹದವನ್ನು ಬೆರಳಿನಿಂದ ನೋಡಿ ಹೇಳಿದವರು, ತಮ್ಮ ಅಜ್ಜಂದಿರಿಂದ ಕೇಳಿದ ಪ್ಲೇಗಿನ ಕಥೆಯನ್ನು ಮಕ್ಕಳಿಗೆ ಹೇಳಿದವರು ಎಷ್ಟೋ ಮನೆಗಳಲ್ಲಿ ಎರಡನೆಯ ವರ್ಷದ ಮಳೆಗಾಲವನ್ನು ಕಾಣಲಿಲ್ಲ. ಮನೆಯನ್ನು ಬೇಸರದಿಂದ ಕಾಪಾಡಿದವರನ್ನು ಮನೆಯು ಕಾಪಾಡಲಾರದೆ ಹೋಯಿತು.

ಆದುದರಿಂದ ಆ ದಿನಗಳನ್ನು ಕೇವಲ ವಿನೋದದ ನೆನಪೆಂದು ಬದಿಗಿರಿಸುವುದು ಸರಿಯಲ್ಲ. ಆಗ ನಮ್ಮ ಬಾಳಿಗೆ ಆಸರೆಯಾದ ವಿದ್ಯೆಗಳು ಯಾವ ಶಾಲೆಯಲ್ಲಿಯೂ ಕಲಿಸುವಂತಹವಲ್ಲ. ಹಣದಿಂದ ಕೊಳ್ಳುವಂತಹವೂ ಅಲ್ಲ. ಅವು ಹಿರಿಯರ ನೆನಪಿನಲ್ಲಿ ಮಾತ್ರ ಇದ್ದುವು. ಕಚೇರಿ ಶಾಲೆಗಳು ತೆರೆದ ಮೇಲೆ ಕವಡೆಗಳು ಮತ್ತೆ ಡಬ್ಬಿಯನ್ನು ಸೇರಿದುವು. ಕೇಳುವವರಿಲ್ಲದ ನೆನಪು ಬಹುಕಾಲ ಉಳಿಯದು. ನಮ್ಮ ಜಿಲ್ಲೆಯ ಪ್ರತಿಯೊಂದು ಮನೆಯಲ್ಲಿಯೂ ಯಾರಾದರೊಬ್ಬರು ಒಂದು ನೋಟುಪುಸ್ತಕವನ್ನು ತೆಗೆದುಕೊಂಡು, ತಮ್ಮ ಮನೆಯ ಆಟಗಳ ಕಟ್ಟಳೆಗಳನ್ನೂ, ಅಡಿಗೆಯ ಹದಗಳನ್ನೂ, ಒಗಟುಗಳನ್ನೂ, 2020ರಲ್ಲಿಯೂ 2021ರಲ್ಲಿಯೂ ಮನೆಯಲ್ಲಿ ನಡೆದುದನ್ನೂ, ಸುಖವನ್ನೂ ದುಃಖವನ್ನೂ ಮರೆಮಾಚದೆ, ತಾರೀಖು ಸಹಿತ ಬರೆದಿಟ್ಟರೆ ಅದು ಮುಂದಿನವರಿಗೆ ದೊಡ್ಡ ಆಧಾರವಾಗುವುದು. ಬರೆಯಲು ಪಾಂಡಿತ್ಯವು ಬೇಕಾಗಿಲ್ಲ. ಹೇಳಬಲ್ಲ ಹಿರಿಯರು ಇರುವಾಗಲೇ ಅವರ ಬಳಿ ಕುಳಿತು ಕೇಳುವ ವ್ಯವಧಾನವೊಂದಿದ್ದರೆ ಸಾಕು.